ಕೈಕಾಲಿನ ಗಂಟಿಗೆ ಕತ್ತರಿ ಹಾಕುವ ಮುನ್ನ

ತೊಡೆ, ಮೀನಖಂಡ, ತೋಳಿನಲ್ಲಿ ಕಾಣುವ ಗಂಟುಗಳಲ್ಲಿ ಬಹುಪಾಲು ಬರೀ ಕೊಬ್ಬಿನ ಗಡ್ಡೆಗಳೇ. ಸಾರ್ಕೋಮಾ ಎಂಬ ಕ್ಯಾನ್ಸರ್ ಅಪರೂಪ, ಅದಕ್ಕೇ ಗುರುತು ತಪ್ಪುತ್ತದೆ. 5 ಸೆಂ.ಮೀ. ಮೀರಿದ್ದು, ಬೆಳೆಯುತ್ತಲೇ ಇರುವುದು, ಸ್ನಾಯು ಬಿಗಿ ಹಿಡಿದಾಗ ಅಲುಗಾಡದೆ ನಿಲ್ಲುವುದು, ತೆಗೆಸಿದ ಜಾಗದಲ್ಲೇ ಮತ್ತೆ ಬಂದದ್ದು: ಇವುಗಳಲ್ಲಿ ಒಂದಿದ್ದರೂ ಅನುಮಾನಿಸಿ. ನೋವಿಲ್ಲವೆಂದು ಸುಮ್ಮನಾಗಬೇಡಿ, ಸಾರ್ಕೋಮಾ ಎಷ್ಟೋ ಸಲ ನೋಯುವುದೇ ಇಲ್ಲ.

ಸಿಂಧನೂರು, ಗಂಗಾವತಿ ಕಡೆ ಭತ್ತದ ಚೀಲ ಹೊರುವವರು “ಪೆಟ್ಟು ಬಿದ್ದು ರಕ್ತ ಹೆಪ್ಪುಗಟ್ಟೇತ್ರಿ” ಎನ್ನಬಹುದು. ಹೆಪ್ಪುಗಟ್ಟಿದ ರಕ್ತವಾದರೆ ವಾರಗಳು ಕಳೆದಂತೆ ಇಳಿಯಬೇಕು. ಇಳಿಯದಿದ್ದರೆ ಎಣ್ಣೆ ಹಚ್ಚಿ ತಿಕ್ಕುವುದೂ ಬೇಡ, ಸೀಳಿ ನೋಡುವುದೂ ಬೇಡ.

ವೈದ್ಯರು ನೆನಪಿಡಬೇಕಾದದ್ದು: ಮೊದಲು ಎಂ.ಆರ್.ಐ. ಸ್ಕ್ಯಾನ್, ಆಮೇಲೆ ಪರೀಕ್ಷೆಗೆ ತುಣುಕು ತೆಗೆಯುವ ಸೂಜಿ. ಹಿಂದುಮುಂದಾದರೆ ಚುಚ್ಚಿದ ಜಾಗದ ರಕ್ತ, ಊತ ಸೇರಿ ಗಂಟಿನ ಅಂಚು ಮಸುಕಾಗುತ್ತದೆ. ಸಣ್ಣ ಸೂಜಿಯಿಂದ ಬಿಡಿ ಕೋಶಗಳನ್ನಷ್ಟೇ ಹೀರುವ ಎಫ್.ಎನ್.ಎ.ಸಿ. ಸಾಲದು, ಕ್ಯಾನ್ಸರಿನ ವಿಧ, ದರ್ಜೆ ತಿಳಿಯಲು 14 ಅಥವಾ 16 ಗೇಜಿನ (ಸೂಜಿಯ ದಪ್ಪದ ಅಳತೆ) ಕೋರ್ ಸೂಜಿಯಿಂದ ನಾಲ್ಕೈದು ತುಣುಕು ಬೇಕು. ಎಲ್ಲಿ ಚುಚ್ಚಬೇಕೆಂದು ಮುಂದೆ ಶಸ್ತ್ರಚಿಕಿತ್ಸೆ ಮಾಡುವವರೇ ಗುರುತು ಹಾಕಲಿ, ಏಕೆಂದರೆ ಸೂಜಿಯ ದಾರಿಯೂ ಗಂಟಿನ ಜೊತೆಗೇ ಹೊರಬರಬೇಕು. ಪರೀಕ್ಷೆಯ ತುಣುಕನ್ನು ಕೊಯ್ದೇ ತೆಗೆಯಬೇಕಾದರೆ ಕೈಕಾಲಿನ ಉದ್ದಕ್ಕೆ ಕೊಯ್ಯಿರಿ. ಅಡ್ಡ ಕೊಯ್ದರೆ ಮುಂದೆ ಅಷ್ಟಗಲದ ಚರ್ಮ ಕಳೆದು ಬೇರೆಡೆಯ ಚರ್ಮ, ಸ್ನಾಯು ತಂದು ಮುಚ್ಚುವ ಫ್ಲ್ಯಾಪ್ ಹಾಕಬೇಕಾದೀತು. ತುಣುಕನ್ನು ಸಲೈನಿನಲ್ಲಿ (ಉಪ್ಪುನೀರಿನಲ್ಲಿ) ಕಳಿಸಬೇಡಿ. ರಾಯಚೂರಿನ ಬಿಸಿಲಿಗೆ ಬಲುಬೇಗ ಕೆಡುತ್ತದೆ. ತುಣುಕಿನ ಗಾತ್ರದ 10 ಪಟ್ಟು, ಅದನ್ನು ಕೆಡದಂತೆ ಕಾಯುವ 10% ಫಾರ್ಮಾಲಿನ್ ದ್ರವ ಇರಲಿ. ರೋಗ ಖಚಿತವಾದರೆ ಎದೆಯ ಸಿ.ಟಿ. ಸ್ಕ್ಯಾನ್ ಮಾಡಿಸಿ, ಇದು ಹೆಚ್ಚಾಗಿ ಹರಡುವುದು ಶ್ವಾಸಕೋಶಕ್ಕೆ.

ಶಸ್ತ್ರಚಿಕಿತ್ಸೆಯಲ್ಲಿ ಮೋಸ ಮಾಡುವುದು ಗಂಟಿನ ಸುತ್ತಲಿನ ಪೊರೆ. ಹುಣಸೆಬೀಜ ಜಾರಿದಂತೆ ಗಂಟು ಸಲೀಸಾಗಿ ಕೈಗೆ ಬರುತ್ತದೆ, ಆದರೆ ಆ ಪೊರೆಯಲ್ಲೇ ಕ್ಯಾನ್ಸರ್ ಕೋಶಗಳಿರುತ್ತವೆ. ಸುತ್ತ 1ರಿಂದ 2 ಸೆಂ.ಮೀ. ಆರೋಗ್ಯವಂತ ಸ್ನಾಯು, ಇಲ್ಲವೇ ಹರಿಯದ ಫೇಶಿಯಾ (ಸ್ನಾಯುವನ್ನು ಹೊದ್ದಿರುವ ಗಟ್ಟಿ ಪೊರೆ) ಪದರ ಸೇರಿಸಿಯೇ ತೆಗೆಯಬೇಕು. ಗಂಟು ಕಣ್ಣಿಗೆ ಬಿತ್ತೆಂದರೆ ದಾರಿ ತಪ್ಪಿದೆ ಎಂದೇ ಅರ್ಥ. ರಕ್ತದ ಹರಿವು ತಡೆಯುವ ಟೂರ್ನಿಕೆ ಪಟ್ಟಿ ಕಟ್ಟುವಾಗ ರಬ್ಬರ್ ಪಟ್ಟಿ ಸುತ್ತಿ ಗಂಟನ್ನು ಹಿಂಡಬೇಡಿ, ಕಾಲನ್ನು ಎತ್ತಿ ಹಿಡಿದರೆ ಸಾಕು. ಒಳಗಿನ ದ್ರವ ಹೊರಹಾಕುವ ಡ್ರೇನ್ ಕೊಳವೆ ಗಾಯದ ಗೆರೆಯಲ್ಲೇ, ತುದಿಗೆ ಹತ್ತಿರ ಹೊರಬರಲಿ. ತೆಗೆದ ಭಾಗಕ್ಕೆ ಮೇಲ್ತುದಿ, ಒಳಬದಿ ತಿಳಿಯುವಂತೆ ದಾರದ ಗುರುತು ಹಾಕಿ.

ಕಾಲು ಕತ್ತರಿಸಲೇಬೇಕಾದವರು ಕಡಿಮೆ. ಅಂಗ ಉಳಿಸಿ ವಿಕಿರಣ ಕೊಟ್ಟರೂ ಬದುಕುಳಿಯುವ ಪ್ರಮಾಣ ತಗ್ಗುವುದಿಲ್ಲವೆಂದು 1982ರಲ್ಲೇ ಅಮೆರಿಕದ ಅಧ್ಯಯನ ತೋರಿಸಿತು. ಶಸ್ತ್ರಚಿಕಿತ್ಸೆಗೆ ಮೊದಲೇ ವಿಕಿರಣವಾದರೆ 25 ಸರದಿಯಲ್ಲಿ 50 ಗ್ರೇ (ವಿಕಿರಣದ ಅಳತೆ), ಆದರೆ ಗಾಯ ಮಾಯುವುದು ತಡ. ಆಮೇಲಾದರೆ 60ರಿಂದ 66 ಗ್ರೇ, ಅಂಗದ ಬಿಗಿತ ಹೆಚ್ಚು.

ಸಾರ್ಕೋಮಾ ಎಂದು ತಿಳಿಯದೆ ಗಂಟು ತೆಗೆದಾಗಿದ್ದರೆ ಪರೀಕ್ಷೆಯ ಸ್ಲೈಡ್, ತುಣುಕನ್ನು ಹುದುಗಿಸಿಟ್ಟ ಮೇಣದ ಬ್ಲಾಕ್, ಆಪರೇಷನ್ ಚೀಟಿ ಹಿಡಿದು ಬೆಂಗಳೂರಿನ ಕಿದ್ವಾಯಿಯಂಥ ಕ್ಯಾನ್ಸರ್ ಆಸ್ಪತ್ರೆಗೆ ಹೋಗಿ. ವರದಿಯಲ್ಲಿ ‘ಪೂರ್ತಿ ತೆಗೆಯಲಾಗಿದೆ’ ಎಂದಿದ್ದರೂ ಆ ಜಾಗವನ್ನು ಮತ್ತೆ ಅಗಲವಾಗಿ ತೆಗೆಯಬೇಕೇ ಎಂದು ಅಲ್ಲಿ ಕೇಳಿ.