ಎರಡನೇ ಬಕೆಟ್ಟಿಗೇ ತಣ್ಣಗಾಗುತ್ತಿದ್ದ ಗೀಸರ್: ನನ್ನ ಅನುಭವ

25 ಲೀಟರಿನ ಗೀಸರ್. ದೀಪ ಆರುವವರೆಗೆ ಕಾಯಿಸಿದರೂ ಎರಡನೇ ಬಕೆಟ್ ಅರ್ಧ ತುಂಬುವಷ್ಟರಲ್ಲಿ ನೀರು ಉಗುರುಬೆಚ್ಚಗಾಗುತ್ತಿತ್ತು. ರಿಪೇರಿಯವರು ಮೊದಲು ಬಿಸಿ ಸಾಕಾದಾಗ ಕರೆಂಟ್ ನಿಲ್ಲಿಸುವ ಥರ್ಮೋಸ್ಟಾಟ್ ಬದಲಿಸಿದರು, ಆಮೇಲೆ ನೀರು ಕಾಯಿಸುವ ಕಾಯಿಲ್. ಹೊಸ ಗೀಸರಿನ ಬೆಲೆಯಲ್ಲಿ ಮೂರನೇ ಒಂದು ಭಾಗ ಅಲ್ಲೇ ಹೋಯ್ತು. ನೀರು ಮಾತ್ರ ಹಾಗೇ ಇತ್ತು. ಕೊನೆಗೆ "ಟ್ಯಾಂಕ್ ಸಾಲಲ್ಲ ಸಾರ್, ದೊಡ್ಡದು ಹಾಕ್ಸಿಬಿಡಿ" ಅಂದರು. ನಾನು ಒಪ್ಪಲಿಲ್ಲ. ಮೊದಲು ಇದೇ ಟ್ಯಾಂಕ್ ಸಾಕಾಗುತ್ತಿತ್ತಲ್ಲ?

ಮೊದಲು ಬಿಸಿನೀರು, ತಣ್ಣೀರು ಬೆರೆಸುವ ಮಿಕ್ಸರ್ ನಲ್ಲಿಯನ್ನು ಪರೀಕ್ಷಿಸಿದೆ. ಗೀಸರಿಗೆ ನೀರು ಹೋಗುವ ವಾಲ್ವ್ ಮುಚ್ಚಿ ಬಿಸಿ ನಲ್ಲಿ ತೆರೆದೆ. ಸ್ವಲ್ಪ ಹೊತ್ತಿಗೆ ಧಾರೆ ನಿಂತಿತು. ನಿಲ್ಲದೆ ಬರುತ್ತಿದ್ದರೆ ತಣ್ಣೀರು ಅಡ್ಡದಾರಿಯಲ್ಲಿ ಸೇರುತ್ತಿದೆ ಅಂತ ಅರ್ಥ. ಇಲ್ಲಿ ಆ ತೊಂದರೆ ಇರಲಿಲ್ಲ.

ಆಮೇಲೆ ಥರ್ಮೋಮೀಟರ್ ಹಿಡಿದೆ. ಪೂರ್ತಿ ಕಾಯಿಸಿ, ಸ್ವಿಚ್ ಆಫ್ ಮಾಡಿ, ಬಿಸಿನೀರನ್ನು ಮಗ್‌ನಲ್ಲಿ ಅಳೆದು ಹಿಡಿದೆ. "ಕೈ ಇಟ್ರೆ ಗೊತ್ತಾಗಲ್ವಾ?" ಅಂತ ಮನೆಯವರು ಕೇಳಿದರು. ಕೈಗೆ ಗೊತ್ತಾಗುವುದಿಲ್ಲ. ಮೊದಲು 60 ಡಿಗ್ರಿ, 5 ಲೀಟರಿಗೆ 54ರ ಹತ್ತಿರ, 10 ಲೀಟರಿಗೆ 48, 20 ಲೀಟರಿಗೆ 41. ಸರಿಯಿರುವ ಟ್ಯಾಂಕ್ ಹೀಗೆ ಇಳಿಯುವುದಿಲ್ಲ. ಬಿಸಿನೀರು ಮೇಲೆ, ಅದು ಹೊರಹೋದಂತೆ ಒಳಬರುವ ತಣ್ಣೀರು ಕೆಳಗೆ ನಿಂತಿರುತ್ತದೆ. ಮುಕ್ಕಾಲು ಟ್ಯಾಂಕ್ ಖಾಲಿಯಾಗುವವರೆಗೂ ಬಿಸಿ ಹೆಚ್ಚುಕಮ್ಮಿ ಒಂದೇ ಮಟ್ಟದಲ್ಲಿದ್ದು, ಆಮೇಲೆ ದಢಕ್ಕನೆ ಬೀಳಬೇಕು. ಇಲ್ಲಿ ಮೊದಲ ಮಗ್‌ನಿಂದಲೇ ಇಳಿಕೆ. ಅಂದರೆ ಕಾಯಿಸುವುದರಲ್ಲಿ ದೋಷವಿಲ್ಲ, ಒಳಗೆ ನೀರು ಕಲಸಿಹೋಗುತ್ತಿದೆ.

ಸುಮ್ನೆ ನೋಡೋಣ ಅಂತ ಒಳಬರುವ ವಾಲ್ವನ್ನು ಅರ್ಧಕ್ಕಿಂತ ಜಾಸ್ತಿ ಮುಚ್ಚಿ ಮತ್ತೆ ಅಳೆದೆ. 10 ಲೀಟರ್ ಆದಮೇಲೂ 54 ಇತ್ತು! ನಿಧಾನಕ್ಕೆ ಬಿಟ್ಟರೆ ಬಿಸಿ ಹೆಚ್ಚು ಹೊತ್ತು ಉಳಿಯುತ್ತದೆ ಅಂದರೆ, ತಣ್ಣೀರು ಒಳಗೆ ಬರುವ ರಭಸವೇ ಕಾರಣ. ನನ್ನ ಇಡೀ ಪತ್ತೆಗೆ ಈ ಒಂದು ಅಂಕಿ ಸಾಕಾಯಿತು. ಇದರ ನಡುವೆ ಕಡಿಮೆ ನೀರು ಬಿಡುವ ಶವರ್ ತಲೆಯನ್ನೂ ಹಾಕಿ ನೋಡಿದ್ದೆ. ಅನುಕೂಲವಾಯಿತು, ಆದರೆ ರೋಗ ಹಾಗೇ ಉಳಿಯಿತು.

ಎಂಸಿಬಿ (ಕರೆಂಟ್ ಕಡಿಯುವ ಸ್ವಿಚ್) ಇಳಿಸಿ, ನೀರು ಖಾಲಿ ಮಾಡಿ, ಕಾಯಿಲ್ ಇರುವ ತಟ್ಟೆ ಬಿಚ್ಚಿದೆ. ತಳದಲ್ಲಿ ಎರಡು ಹಿಡಿಯಷ್ಟು ಸುಣ್ಣದ ಚೂರು. ಅದರ ನಡುವೆ ಒಂದು ಪ್ಲಾಸ್ಟಿಕ್ ಟೋಪಿ ಬಿದ್ದಿತ್ತು. ತಣ್ಣೀರಿನ ಪೈಪಿನ ಬಾಯಿ ಮೇಲಿದ್ದು, ನೀರನ್ನು ಪಕ್ಕಕ್ಕೆ ಹರಡುವ ಟೋಪಿ ಅದು. ಮುರಿದು ಬಿದ್ದಮೇಲೆ ತಣ್ಣೀರು ಕಾರಂಜಿಯ ಹಾಗೆ ನೇರ ಮೇಲಕ್ಕೆ ಚಿಮ್ಮುತ್ತಿತ್ತು. ಕಾಯಿಲ್ ಬದಲಿಸಲು ಇದೇ ತಟ್ಟೆ ಬಿಚ್ಚಿದವರ ಕಣ್ಣಿಗೆ ಇದು ಬಿದ್ದಿರಲಿಲ್ಲ!

ಹಳೆಯ ಮಾದರಿ, ಬಿಡಿಭಾಗ ಸಿಗಲಿಲ್ಲ. ಟ್ಯಾಂಕ್ ಸ್ಟೇನ್‌ಲೆಸ್ ಸ್ಟೀಲಿನದು, ಹಾಗಾಗಿ ಟೋಪಿಯನ್ನೂ ಅದರಲ್ಲೇ ಮಾಡಿದೆ. ತಲೆ ಮುಚ್ಚಿ, ಸುತ್ತ ತೂತು ಕೊರೆದೆ. ತೂತುಗಳ ಒಟ್ಟು ವಿಸ್ತೀರ್ಣ ಪೈಪಿನ ಬಾಯಿಯ ವಿಸ್ತೀರ್ಣಕ್ಕಿಂತ ಜಾಸ್ತಿ ಇರಲೇಬೇಕು, ಇಲ್ಲದಿದ್ದರೆ ರಭಸ ತಗ್ಗುವುದಿಲ್ಲ. ಅವನ್ನು ಯಾವ ಕೋನದಲ್ಲಿ ಕೊರೆದೆ, ಟೋಪಿ ಅಲುಗದಂತೆ ಹೇಗೆ ಕೂರಿಸಿದೆ ಅನ್ನುವುದು ನನ್ನ ಹತ್ತಿರವೇ ಇರಲಿ. ತಟ್ಟೆಯ ಸಂದಿಯಲ್ಲಿ ನೀರು ಸೋರದಂತೆ ಹಾಕುವ ಹೊಸ ಗ್ಯಾಸ್ಕೆಟ್ ಸೇರಿ, ಕಾಯಿಲ್‌ಗೆ ಕೊಟ್ಟ ದುಡ್ಡಿನ ಕಾಲು ಭಾಗವೂ ಆಗಲಿಲ್ಲ.

ಮತ್ತೆ ಅಳೆದೆ. ವಾಲ್ವ್ ಪೂರ್ತಿ ತೆರೆದು 18 ಲೀಟರ್ ಹಿಡಿಯುವವರೆಗೂ 57ಕ್ಕಿಂತ ಕೆಳಗಿಳಿಯಲಿಲ್ಲ. ಆಮೇಲೆ ಒಮ್ಮೆಗೇ ಬಿತ್ತು. ದೊಡ್ಡ ಟ್ಯಾಂಕ್ ಹಾಕಿಸಿ ಅಂದವರಿಗೆ ಈ ಅಂಕಿಗಳನ್ನು ತೋರಿಸಿದೆ.

ನಿಮ್ಮಲ್ಲಿ ನಿಧಾನಕ್ಕೆ ಬಿಟ್ಟರೂ ಅಷ್ಟೇ ಬೇಗ ತಣ್ಣಗಾದರೆ ಟೋಪಿ ಹುಡುಕಬೇಡಿ. ಬಿಸಿನೀರು ಹೊರಹೋಗುವ ಉದ್ದ ಪೈಪಿನ ಬುಡದಲ್ಲಿ ತೂತು ಬಿದ್ದಿದೆಯಾ ಅಂತ ನಾನಾದರೆ ಮೊದಲು ನೋಡುತ್ತೇನೆ.