ನಿಂತ ನೀರಿಲ್ಲದ ಅಂಗಳದ ಚಿಲುಮೆ

ಅಂಗಳದಲ್ಲಿ ನೀರಿನ ಸದ್ದು ಬೇಕು, ನೀರಿನ ಹೊಂಡ ಬೇಡ. ಶಿರಸಿಯ ನಮ್ಮ ಮನೆಗೆ ಚಿಲುಮೆ ಮಾಡಲು ಹೊರಟಾಗ ನಾನು ಮೊದಲೇ ಗಟ್ಟಿ ಮಾಡಿಕೊಂಡದ್ದು ಇದನ್ನು. ಈಗಷ್ಟೇ ನಡೆಯಲು ಕಲಿತ ಮೊಮ್ಮಗಳು ಮನೆಯಲ್ಲಿದ್ದಾಳೆ. ಆ ವಯಸ್ಸಿನ ಮಗು ಮುಗ್ಗರಿಸಿ ಮುಖ ಅಡಿಯಾಗಿ ಬಿದ್ದರೆ ಎರಡು ಇಂಚು ನೀರೂ ಅಪಾಯವೇ. ತಲೆ ಭಾರ, ಕೈ ಊರಿ ಏಳುವ ಬಲ ಇನ್ನೂ ಬಂದಿರುವುದಿಲ್ಲ. ಕೂಗಲೂ ಆಗುವುದಿಲ್ಲ. ಸುತ್ತ ಬೇಲಿ ಹಾಕಿದರಾಯ್ತು ಎಂದವರಿದ್ದರು. ನನಗೆ ಒಪ್ಪಿಗೆಯಾಗಲಿಲ್ಲ. ಬೇಲಿಯ ಬಾಗಿಲು ಯಾರೋ ಒಂದು ದಿನ ಹಾಕುವುದನ್ನು ಮರೆತೇ ಮರೆಯುತ್ತಾರೆ. ಮೇಲೆ ನೀರೇ ನಿಲ್ಲದಿದ್ದರೆ ಆ ಚಿಂತೆಯೇ ಇಲ್ಲ, ಅಲ್ವಾ?

ಹಾಗಾಗಿ ನೀರೆಲ್ಲ ನೆಲದೊಳಗೆ. 80 ಲೀಟರಿನ ದಪ್ಪ ಪ್ಲಾಸ್ಟಿಕ್ ಟಬ್ಬನ್ನು ಹೂತು, ಬಾಯಿಗೆ ಜಾಲರಿ ಹಾಸಿ, ಮೇಲೆ ಉರುಟು ಕಲ್ಲು ಹರಡಿದ್ದೇವೆ. ನಡುವೆ ಬೀಸುವ ಕಲ್ಲು. ಅದರ ತೂತಿನಿಂದ ನೀರು ಉಕ್ಕಿ, ಕಲ್ಲಿನ ಮೈಮೇಲೆ ಹರಡಿ, ಸುತ್ತಲೂ ಇಳಿದು ಉರುಟು ಕಲ್ಲಿನ ಸಂದಿಯಲ್ಲಿ ಮತ್ತೆ ಟಬ್ಬು ಸೇರುತ್ತದೆ. ಪಂಪು ಅದನ್ನೇ ತಿರುಗಿಸಿ ಮೇಲೆ ಕಳಿಸುತ್ತದೆ. ಕರೆಂಟು ಹೋದರೆ ನೀರೆಲ್ಲ ಕೆಳಗೆ, ಮೇಲೆ ಒದ್ದೆ ಕಲ್ಲು ಮಾತ್ರ.

ಬೀಸುವ ಕಲ್ಲು ಆರಿಸಿದ್ದಕ್ಕೆ ಕಾರಣವಿದೆ. ನಮ್ಮ ಕಡೆ ಹಳೆ ಮನೆಗಳಲ್ಲಿ ಒರಳುಕಲ್ಲು, ಬೀಸುವ ಕಲ್ಲು ಹಿತ್ತಿಲಲ್ಲಿ ಸುಮ್ನೆ ಬಿದ್ದಿರುತ್ತವೆ. ಒರಳಿನ ಗುಳಿಯಲ್ಲಿ ನೀರು ನಿಲ್ಲುತ್ತದೆ, ಕೊಳವೆ ತರಲು ತೂತೂ ಕೊರೆಯಬೇಕು. ಬೀಸುವ ಕಲ್ಲಿನ ಮೇಲಿನ ಬಿಲ್ಲೆಗೆ ಕಾಳು ಹಾಕುವ ತೂತು ಮೊದಲೇ ಇದೆ. ಅದನ್ನು ಮಗುಚಿ ಹಾಕಿದೆ. ಉಳಿಯಿಂದ ಕುಟ್ಟಿಸಿದ ಮುಖ ಮೇಲೆ ಬಂದಿತು. ಆ ಒರಟು ಮೈಮೇಲೆ ನೀರು ಚಿಕ್ಕ ಚಿಕ್ಕ ಎಳೆಗಳಾಗಿ ಒಡೆದು ಹರಿಯುವುದನ್ನು ನೋಡಬೇಕು! ಅಂಗಡಿಯ ಯಾವ ಫೌಂಟನ್ನಿನಲ್ಲೂ ಆ ಚಂದ ನಾನು ಕಂಡಿಲ್ಲ. ಹಿಡಿಗೂಟದ ತೂತನ್ನು ಎಂಸೀಲ್ (ಕಲಸಿ ಹಚ್ಚಿದರೆ ಗಟ್ಟಿಯಾಗುವ ಅಂಟು) ಹಾಕಿ ಮುಚ್ಚಿದೆ. ನಡುವಿನ ತೂತಿಗೆ ಮುಕ್ಕಾಲು ಇಂಚಿನ ಪೈಪು ಬಿಟ್ಟು, ಸುತ್ತ ರಬ್ಬರ್ ಪಟ್ಟಿ ತುಂಬಿ, ಅದಕ್ಕೂ ಎಂಸೀಲ್. ರಸಮಟ್ಟ ಇಟ್ಟು ಕಲ್ಲು ಕೂರಿಸುವುದಕ್ಕೆ ಬೇಸರ ಮಾಡಬಾರದು. ತುಸು ವಾಲಿದರೂ ನೀರು ಒಂದೇ ಕಡೆ ಓಡುತ್ತದೆ.

ಕಲ್ಲಿನ ಭಾರ ಜಾಲರಿಯ ಮೇಲೆ ಬೀಳಬಾರದು. ಟಬ್ಬಿನ ತಳದಿಂದ ಸಿಮೆಂಟ್ ಬ್ಲಾಕ್ ಪೇರಿಸಿ ಕಂಬದಂತೆ ಮಾಡಿದ್ದೇವೆ, ಕಲ್ಲು ಅದರ ಮೇಲೆ ಕೂತಿದೆ. ಇದರಿಂದ ಇನ್ನೊಂದು ಉಪಕಾರವಿದೆ. ಶಿರಸಿಯ ಮಳೆಗಾಲದಲ್ಲಿ ನೆಲ ನೆನೆದು ಒರತೆ ಏಳುತ್ತದೆ. ಆಗ 80 ಲೀಟರಿನ ಖಾಲಿ ಟಬ್ಬನ್ನು ಸುತ್ತಲ ನೀರು ಹೆಚ್ಚೂಕಡಿಮೆ 80 ಕೆಜಿ ಬಲದಲ್ಲಿ ಮೇಲೆತ್ತಬಲ್ಲದು. ಬ್ಲಾಕು, ಕಲ್ಲು ಅದಕ್ಕಿಂತ ಭಾರ ಇರುವಂತೆ ನೋಡಿಕೊಂಡರೆ ಟಬ್ಬು ಅಲ್ಲಾಡುವುದಿಲ್ಲ. ತಳಕ್ಕೆ ತೂತು ಕೊರೆದು ಪೈಪು ಜೋಡಿಸುವ ಟ್ಯಾಂಕ್ ನಿಪ್ಪಲ್ ಹಾಕಿ, ವಾಲ್ವ್ ಕೂರಿಸಿ, ಪೈಪನ್ನು ಇಳಿಜಾರಿನಲ್ಲಿ ಅಡಿಕೆ ತೋಟದ ಕಡೆ ಬಿಟ್ಟಿದ್ದೇನೆ. ವಾಲ್ವ್ ತಿರುಗಿಸಿದರೆ ಟಬ್ಬು ಖಾಲಿ, ನೀರು ಗಿಡಕ್ಕೆ.

ಜಾಲರಿ ಮೂರು ಪದರ. ಅಡಿಯಲ್ಲಿ 8 ಎಂಎಂ ಸರಳನ್ನು ಬೆಸುಗೆ ಹಾಕಿಸಿದ ಚೌಕಟ್ಟು. ಅದು ಗುಂಡಿಯ ಅಂಚಿನಿಂದ ಎಲ್ಲ ಕಡೆ ಒಂದು ಅಡಿ ಆಚೆ ಚಾಚಿ ನೆಲಕ್ಕೆ ಕೂತಿದೆ. ಮೇಲೆ ಸಣ್ಣ ಕಣ್ಣಿನ ಜಿಐ (ಸತು ಲೇಪಿಸಿದ ಕಬ್ಬಿಣ) ಬಲೆ, ಅದರ ಮೇಲೆ ನೈಲಾನ್ ಸೊಳ್ಳೆ ಪರದೆ. ಕಲ್ಲು ಹರಡುವ ಮೊದಲು ನಾನೇ ಎರಡೂ ಕಾಲಿಟ್ಟು ನಿಂತು ನೋಡಿದೆ. ದೊಡ್ಡವರ ಭಾರ ತಡೆಯದ ಜಾಲರಿ ಮಗುವಿಗೆ ಬೇಡ. ಪಂಪು ತೆಗೆಯಲು ಒಂದು ಮೂಲೆಯಲ್ಲಿ ಕೈ ಹೋಗುವಷ್ಟು ಕಿಂಡಿ ಇದೆ. ಅದಕ್ಕೂ ಬಲೆಯ ಮುಚ್ಚಳ, ತಂತಿಯಿಂದ ಬಿಗಿದದ್ದು. ಉರುಟು ಕಲ್ಲು ನಿಂಬೆಹಣ್ಣಿಗಿಂತ ದೊಡ್ಡದಿರಲಿ, ಸಣ್ಣದು ಮಗುವಿನ ಬಾಯಿಗೆ ಹೋಗುತ್ತದೆ. ಶಾಲ್ಮಲೆ ಹೊಳೆ ಹತ್ತಿರವೇ ಇದ್ದರೂ ಅಲ್ಲಿಂದ ಕಲ್ಲು ಹೊತ್ತು ತರಲಿಲ್ಲ. ಹೊಳೆಯ ಕಲ್ಲಿನ ಅಡಿಯಲ್ಲಿ ಏಡಿ, ಮೀನಿನ ಮರಿ ಇರುತ್ತವೆ. ಅದು ಅವುಗಳ ಮನೆ. ದುಡ್ಡು ಕೊಟ್ಟು ಕೊಂಡೆ.

ಇನ್ನು ಕರೆಂಟು. ಇಲ್ಲಿ ಉಳಿತಾಯ ನೋಡಲೇಬೇಡಿ. ಕೂಲರಿಗೆ ಹಾಕುವ 230 ವೋಲ್ಟಿನ ಪಂಪು ಅಗ್ಗ, ಎಲ್ಲ ಕಡೆ ಸಿಗುತ್ತದೆ. ಆದರೆ ಇಲಿ ವಯರು ಕಡಿದರೆ, ಸೀಲು ಹಳತಾದರೆ ನೀರಿಗೇ ಕರೆಂಟು ಬರುತ್ತದೆ, ಮಗು ಕೈಯಿಡುವುದು ಅದೇ ನೀರಿಗೆ. ಅದಕ್ಕೇ 12 ವೋಲ್ಟಿನ ಡಿಸಿ ಪಂಪು ತಂದೆ. ಅಡಾಪ್ಟರ್ ಜಗಲಿಯ ಒಳಗೆ, ಮಳೆ ಇರಚಲು ತಾಗದ ಎತ್ತರದಲ್ಲಿ. ಅಂಗಳಕ್ಕೆ ಬರುವುದು ಆ 12 ವೋಲ್ಟು ಮಾತ್ರ. ಇಷ್ಟು ಕಡಿಮೆ ವೋಲ್ಟಿಗೆ ಸಪೂರ ವಯರು ಸಾಲದು, ದೂರ ಹೋದಷ್ಟೂ ಪಂಪು ಸೊರಗುತ್ತದೆ. 1.5 ಚದರ ಮಿಲಿಮೀಟರಿನ ವಯರನ್ನು ಪಿವಿಸಿ ಪೈಪಿನೊಳಗೆ ತೂರಿಸಿ ಒಂದೂವರೆ ಅಡಿ ಆಳದಲ್ಲಿ ಹಾಕಿ, ಮೇಲೆ ಚೀರೆಕಲ್ಲಿನ ಚೂರು ಹಾಸಿದ್ದೇವೆ. ಮುಂದೆ ಯಾರಾದರೂ ಅಗೆದರೆ ಗುದ್ದಲಿ ಮೊದಲು ಕಲ್ಲಿಗೆ ತಾಗಲಿ ಎಂದು. ಜಗಲಿಯ ಪ್ಲಗ್ಗಿನ ಲೈನಿಗೆ 30 ಮಿಲಿಆಂಪಿನ ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದರೆ ತಾನೇ ಬಿದ್ದು ಲೈನು ಕಡಿಯುವ ಸ್ವಿಚ್ಚು, ಹಾಕಿಸಿದೆ. ಅದರ ಟೆಸ್ಟ್ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡುತ್ತೇನೆ. ಬೀಳದಿದ್ದರೆ ಅದು ಇದ್ದೂ ಇಲ್ಲದ ಲೆಕ್ಕ. ಏಪ್ರಿಲ್, ಮೇ ತಿಂಗಳ ಸಂಜೆ ಗುಡುಗು ಶುರುವಾದರೆ ಪ್ಲಗ್ಗು ಕಿತ್ತಿಡುತ್ತೇವೆ.

ಪಂಪಿನ ಡಬ್ಬಿಯ ಮೇಲೆ ಬರೆದ ಲೀಟರಿನ ಲೆಕ್ಕ ನಂಬಿ ಕೂರಬೇಡಿ. ಅದು ನೀರು ಎತ್ತುವ ಕೆಲಸವೇ ಇಲ್ಲದಾಗಿನ ಅಂಕಿ. ಎತ್ತರಕ್ಕೆ ತಳ್ಳಿದಷ್ಟೂ ಕಡಿಮೆಯಾಗುತ್ತದೆ. ಸ್ವಲ್ಪ ದೊಡ್ಡದೇ ತಂದು ವಾಲ್ವಿನಿಂದ ತಗ್ಗಿಸಿಕೊಳ್ಳಬಹುದು. ಪಂಪನ್ನು ಇಟ್ಟಿಗೆಯ ಮೇಲಿಟ್ಟರೆ ಕೆಸರು ಎಳೆಯುವುದಿಲ್ಲ. ಬೇಸಿಗೆಯಲ್ಲಿ ನೀರು ಆರಿ ಪಂಪು ಒಣಗಿ ಓಡಿದರೆ ಸುಟ್ಟುಹೋಗುತ್ತದೆ, ಆಗಾಗ ಒಂದೆರಡು ಕೊಡ ಸುರಿಯಬೇಕು.

ಸೊಳ್ಳೆಯ ಮಾತು. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಂದ ಹಾರುವ ಹಂತಕ್ಕೆ ಬರಲು ಬೆಚ್ಚಗಿನ ಹವೆಯಲ್ಲಿ ವಾರ, ಹತ್ತು ದಿನ ಸಾಕು. ಪರದೆ ಇದೆ ಎಂದು ನಾನು ಸುಮ್ಮನಿರುವುದಿಲ್ಲ. ವಾರಕ್ಕೊಮ್ಮೆ ವಾಲ್ವ್ ಬಿಟ್ಟು ಟಬ್ಬು ಖಾಲಿ ಮಾಡುತ್ತೇನೆ. ಕಿಂಡಿಯಲ್ಲಿ ಉದ್ದ ಹಿಡಿಯ ಬ್ರಶ್ ಇಳಿಸಿ ಟಬ್ಬಿನ ಮೈ ಉಜ್ಜುತ್ತೇನೆ. ಈಡಿಸ್ ಮೊಟ್ಟೆ ಅಂಚಿಗೆ ಅಂಟಿಕೊಂಡು ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತದೆ, ನೀರು ತಾಗಿದ್ದೇ ಒಡೆಯುತ್ತದೆ. ಗಪ್ಪಿ ಮೀನು ಬಿಡಿ ಎಂದು ಕೆಲವರು ಹೇಳಿದರು. ಅದು ನಮ್ಮ ನೆಲದ ಮೀನಲ್ಲ. ತೋಟದ ಕಾಲುವೆ ಹಿಡಿದು ಹಳ್ಳ ಸೇರಿದರೆ ವಾಪಸು ತರುವುದು ಯಾರು?

ಸುತ್ತ ಬಜೆ, ಒಂದೆಲಗ, ಜರಿಗಿಡ ನೆಟ್ಟಿದ್ದೇನೆ. ಒಂದೆಲಗ ಚಟ್ನಿ, ತಂಬುಳಿಗೂ ಆಯ್ತು. ಕಲ್ಲಿನ ಗುಡ್ಡೆ ಎತ್ತರಕ್ಕೆ ಪೇರಿಸಲಿಲ್ಲ. ಸಂದಿಯಲ್ಲಿ ಕಪ್ಪೆ ಕೂತರೆ ಹಿಂದೆಯೇ ಹಾವು ಬರುತ್ತದೆ. ಬೇಸಿಗೆಯಲ್ಲಿ ಒದ್ದೆ ಕಲ್ಲಿಗೆ ತುಡುವೆ ಜೇನು ಬಂದು ನೀರು ಹೀರುತ್ತವೆ. ತೆರೆದ ತೊಟ್ಟಿಯಾದರೆ ಅವು ಬಿದ್ದು ಸಾಯುತ್ತವೆ. ಇಲ್ಲಿ ತೆಳ್ಳಗೆ ಹರಿಯುವ ನೀರಿನ ಅಂಚಿನಲ್ಲಿ ಆರಾಮ ಕೂರುತ್ತವೆ. ಜೇನುಪೆಟ್ಟಿಗೆ ಇಟ್ಟವರಿಗೆ ಇದೊಂದೇ ಸಾಕು ಚಿಲುಮೆ ಮಾಡುವುದಕ್ಕೆ. ಅವು ಬರುವ ಹೊತ್ತಿನಲ್ಲಿ ಮೊಮ್ಮಗಳನ್ನು ಮಾತ್ರ ದೂರ ಇಡುತ್ತೇವೆ.

ಕಾರವಾರದ ತಂಗಿ ತನ್ನ ಮನೆಗೂ ಇಂಥದ್ದು ಬೇಕೆಂದಳು. ಅಲ್ಲಿ ಇದನ್ನೇ ಹಾಗೇ ಮಾಡಿದರೆ ನಡೆಯುವುದಿಲ್ಲ. ಕಡಲ ಗಾಳಿಗೆ ಕಬ್ಬಿಣದ ಸರಳು ಬೇಗ ತುಕ್ಕು ಹಿಡಿದು ಪೊಳ್ಳಾಗುತ್ತದೆ, ಮೇಲೆ ಕಲ್ಲು ಮುಚ್ಚಿದ್ದರಿಂದ ಕಣ್ಣಿಗೂ ಬೀಳುವುದಿಲ್ಲ. ಅವಳಿಗೆ ಫೈಬರ್ ಜಾಲರಿ ಹಾಕಿಸಿದೆ. ಮರಳು ನೆಲದಲ್ಲಿ ಗುಂಡಿಯ ಗೋಡೆ ಕುಸಿಯುತ್ತದೆ, ಮಳೆಗಾಲದಲ್ಲಿ ನೀರು ಕೈಗೆಟಕುವಷ್ಟು ಮೇಲೆ ಬರುತ್ತದೆ. ಹಾಗಾಗಿ ಟಬ್ಬನ್ನು ಹೂಳದೆ, ನೆಲದ ಮೇಲಿಟ್ಟು ಸುತ್ತ ಚೀರೆಕಲ್ಲಿನ ಕಟ್ಟೆ ಕಟ್ಟಿಸಿದೆವು. ಬಾವಿ ನೀರು ಸವಳು ಇದ್ದರೆ ಕಲ್ಲಿನ ಮೇಲೆ ಬಿಳಿ ಉಪ್ಪು ಕೂರುತ್ತದೆ, ಚಾವಣಿಯ ಮಳೆನೀರು ಹಿಡಿದಿಟ್ಟು ಬಳಸುವುದು ಒಳ್ಳೆಯದು.

ಮುಂಗಾರು ಹಿಡಿಯಿತೆಂದರೆ ಎರಡೂ ಕಡೆ ಚಿಲುಮೆಗೆ ರಜೆ. ಪಂಪು ತೆಗೆದು ತೊಳೆದು ಒಳಗಿಡುತ್ತೇವೆ, ಕಿಂಡಿಯನ್ನು ಮತ್ತೆ ತಂತಿಯಿಂದ ಬಿಗಿಯುತ್ತೇವೆ. ತಳದ ವಾಲ್ವ್ ಮಳೆ ಮುಗಿಯುವವರೆಗೂ ತೆರೆದೇ ಇರುತ್ತದೆ.