ರೋಮಾಪುರ ಬಿಟ್ಟು ರೊಟ್ಟಿಯಿಂದ ಶುರು ಮಾಡಿದೆ: ನನ್ನ ಅನುಭವ

ಮೂರು ಸಲ ಸೋತು ನಾಲ್ಕನೇ ಸಲ ಗೆದ್ದೆ, ಅದಕ್ಕೇ ಬರೆಯುತ್ತಿದ್ದೇನೆ. ಕ್ರಿಸ್ತನಲ್ಲಿ ನಂಬಿಕೆ, ಮೋಶೆಯ ಮೂಲಕ ಯೆಹೂದ್ಯರಿಗೆ ಬಂದ ಧರ್ಮಶಾಸ್ತ್ರ, ದೇವರು ಕೊಡುವ ನೀತಿವಂತರೆಂಬ ನಿರ್ಣಯ. ಮೊದಲ ಶತಮಾನದ ಅಪೊಸ್ತಲ ಪೌಲನ ಪತ್ರಗಳಲ್ಲಿ ಬರುವ ಈ ಮೂರನ್ನು ಬೈಬಲ್ ಸ್ಟಡಿಯಲ್ಲಿ ಜನರ ತಲೆಗೆ ಹತ್ತಿಸುವುದು ಎಂಥ ಕಷ್ಟ ಅಂತ ಗುಂಪು ನಡೆಸುವವರಿಗೆ ಗೊತ್ತೇ ಇದೆ. ಹಾಗಾಗಿ ಪೀಠಿಕೆ ಬೇಡ. ನಮ್ಮ ಸಭೆಯ, ಅಂದರೆ ಚರ್ಚಿನ, ಹಿರಿಯರೊಬ್ಬರು "ಊಟ ಹಾಕಿ ಸಿದ್ಧಾಂತ ಕಲಿಸ್ತೀಯೇನಪಾ?" ಅಂತ ಎಲ್ಲರ ಮುಂದೆ ನಕ್ಕಿದ್ದರು. ಈಗ ಅವರೇ ಎಲ್ಲರಿಗಿಂತ ಮೊದಲು ಬಂದು ಮುಂದಿನ ಕುರ್ಚಿ ಹಿಡಿಯುತ್ತಾರೆ. ಜಂಬ ಅಂದುಕೊಂಡರೆ ಅಂದುಕೊಳ್ಳಿ.

ಮೊದಲ ಸೋಲು 2018ರ ಮಳೆಗಾಲದ್ದು. ಎಲ್ಲರೂ ಮಾಡುವ ಹಾಗೆ ಪೌಲ ರೋಮಾಪುರದವರಿಗೆ ಬರೆದ ಪತ್ರಿಕೆ ಹಿಡಿದು ವಾಕ್ಯ ವಾಕ್ಯ ಬಿಡಿಸುತ್ತಾ ಹೋದೆ. ಶುರುವಿನಲ್ಲಿ 35-40 ಜನ ಇದ್ದರು. ಮೂರನೇ ಅಧ್ಯಾಯಕ್ಕೆ ಬರುವಷ್ಟರಲ್ಲಿ 9 ಮಂದಿ ಉಳಿದಿದ್ದರು, ಅದರಲ್ಲಿ ಇಬ್ಬರು ನಮ್ಮ ಮನೆಯವರೇ. ತಪ್ಪು ಪತ್ರಿಕೆಯದಲ್ಲ. ಪೌಲ ತಾನಿನ್ನೂ ಕಾಲಿಡದ ಸಭೆಗೆ, ಕ್ರಿ.ಶ. 57ರ ಆಸುಪಾಸಿನಲ್ಲಿ, ಕೊರಿಂಥದಲ್ಲಿ ಕೂತು ತೆರ್ತಿಯ ಅನ್ನುವ ಬರಹಗಾರನ ಕೈಲಿ ನಿಧಾನಕ್ಕೆ ಬರೆಸಿದ್ದು ಅದು. ಯೆಹೂದ್ಯರಲ್ಲದ ವಿಶ್ವಾಸಿಗಳೂ ಸುನ್ನತಿ ಮಾಡಿಸಿಕೊಂಡು ಧರ್ಮಶಾಸ್ತ್ರ ಪಾಲಿಸಬೇಕೇ ಅನ್ನುವ ಜಗಳ ಅಷ್ಟು ಹೊತ್ತಿಗೆ ತಣ್ಣಗಾಗಿ ವಾದದ ರೂಪಕ್ಕೆ ಬಂದಿತ್ತು. ಜಗಳವನ್ನೇ ನೋಡದವರಿಗೆ ವಾದ ಎಲ್ಲಿಂದ ರುಚಿಸಬೇಕು?

ಎರಡನೇ ಸಲ ಕೋರ್ಟಿನ ಚಿತ್ರ ತೋರಿಸಿದೆ. ಪ್ರೊಜೆಕ್ಟರ್ ಬಾಡಿಗೆ ದಿನಕ್ಕೆ 800 ರೂಪಾಯಿ, ನಾಲ್ಕು ಭಾನುವಾರ. ದೇವರು ಜಡ್ಜ್, ನಾವು ಆರೋಪಿ, ಕ್ರಿಸ್ತ ನಮ್ಮ ಬದಲು ನಿಂತವನು, ನಿರ್ಣಯ ಬಿಡುಗಡೆ. ನೀಟಾಗಿತ್ತು. ಎರಡನೇ ಭಾನುವಾರ, ರಿಟೈರ್ ಆದ ಒಬ್ಬ ಕೋರ್ಟ್ ಗುಮಾಸ್ತರು ಎದ್ದು ನಿಂತರು. "ಅಲ್ರೀ, ತಪ್ಪು ಮಾಡಿದಾಂವ ಅಂತ ಗೊತ್ತಿದ್ದೂ ಜಡ್ಜ್ ಸಾಹೇಬ್ರು ಬಿಟ್ಟು ಕಳಿಸಿದ್ರ, ಆ ಜಡ್ಜ್ ಮ್ಯಾಲೇ ಕೇಸ್ ಹಾಕ್ಬೇಕಲ್ರೀ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಸ್ಲೈಡ್ ಮುಂದೆ ಒತ್ತಿದೆ. ನಾಚಿಕೆ ಆಯಿತು.

ಆಮೇಲೆ ಮನೆಗೆ ಹೋಗಿ ನೋಡಿದರೆ, ಅವರ ಪ್ರಶ್ನೆ ಬೈಬಲ್‌ನದೇ. ದುಷ್ಟನನ್ನು ನಿರ್ದೋಷಿ ಅನ್ನುವವನು ದೇವರಿಗೆ ಅಸಹ್ಯ ಅಂತ ಜ್ಞಾನೋಕ್ತಿ 17:15 ಹೇಳುತ್ತದೆ. ವಿಮೋಚನಕಾಂಡ 23:7ರಲ್ಲಿ, ದುಷ್ಟನನ್ನು ನಾನು ನಿರ್ದೋಷಿ ಅನ್ನುವುದಿಲ್ಲ ಅಂತ ದೇವರೇ ಹೇಳುತ್ತಾನೆ. ಇಷ್ಟೆಲ್ಲ ಗೊತ್ತಿದ್ದ ಪೌಲ ರೋಮಾಪುರ 4:5ರಲ್ಲಿ, ದೇವರು ಭಕ್ತಿಹೀನನನ್ನೇ ನೀತಿವಂತ ಅನ್ನುತ್ತಾನೆ ಅಂತ ಬರೆದುಬಿಟ್ಟ. ಮೊದಲು ಓದಿದ ಯೆಹೂದ್ಯರಿಗೆ ಎದೆ ಧಸಕ್ ಅಂದಿರಬೇಕು. ನನ್ನ ಸ್ಲೈಡು ಆ ಧಸಕ್ಕನ್ನೇ ಒರೆಸಿ ಹಾಕಿತ್ತು. ಆ ಗುಮಾಸ್ತರು ನನಗಿಂತ ಚೆನ್ನಾಗಿ ಪೌಲನನ್ನು ಕೇಳಿಸಿಕೊಂಡಿದ್ದರು.

ಮೂರನೆಯದು ಪುಸ್ತಿಕೆ. 200 ಪ್ರತಿ, ಒಂದಕ್ಕೆ ಸುಮಾರು 35 ರೂಪಾಯಿ, 7,000 ಕೈಬಿಟ್ಟಿತು. 140 ಪ್ರತಿ ಈಗಲೂ ನಮ್ಮ ಮಂಚದ ಕೆಳಗಿವೆ. ಹೆಂಡತಿ ಕಸ ಗುಡಿಸುವಾಗೆಲ್ಲ ನೆನಪು ಮಾಡುತ್ತಾಳೆ.

ಆ ಪುಸ್ತಿಕೆಯಿಂದ ಒಂದು ಲಾಭ ಆಯಿತು. ಓದಿದ ಹತ್ತು ಹದಿನೈದು ಜನರನ್ನು ಕೂರಿಸಿಕೊಂಡು ಏನು ಅರ್ಥ ಆಯಿತು ಅಂತ ಕೇಳಿದೆ. ಆಗ ಗೊತ್ತಾಯಿತು, ನಮ್ಮ ಕನ್ನಡ ಪದಗಳೇ ಅಡ್ಡ ಬರುತ್ತಿವೆ. 'ಧರ್ಮಶಾಸ್ತ್ರ' ಅಂದ ಕೂಡಲೇ ಅವರಿಗೆ ಮನು ನೆನಪಾಗುತ್ತಾನೆ, ಮೋಶೆ ಅಲ್ಲ. 'ನೇಮನಿಷ್ಠೆ' ಅಂದರೆ ಪಕ್ಕದ ಮನೆಯ ಮಡಿ. 'ನೀತಿವಂತ' ಅಂದರೆ ನೀತಿಪಾಠದ ಒಳ್ಳೇ ಹುಡುಗ. ಒಬ್ಬ ಹುಡುಗಿ, "ಅಂದ್ರೆ ಒಳ್ಳೇ ಕೆಲಸ ಮಾಡೋದು ಬೇಡ ಅಂತಾನಾ ಅಂಕಲ್?" ಅಂದಳು. ಹತ್ತು ತಿಂಗಳ ಪಾಠದ ಫಲ ಇದು!

ಆಗ ಪೌಲ ಅದೇ ಜಗಳದ ಬಿಸಿಯಲ್ಲಿ ಗಲಾತ್ಯ ಸೀಮೆಯವರಿಗೆ ಬರೆದ ಪತ್ರಿಕೆ ತೆಗೆದೆ. ಆರೇ ಅಧ್ಯಾಯ, 149 ವಾಕ್ಯ. ಬಿಡಿಸಿ ಹೇಳುವುದಿಲ್ಲ, ಸುಮ್ನೆ ಗಟ್ಟಿಯಾಗಿ ಓದುವುದು, ಒಂದೇ ಕೂರಿಕೆಯಲ್ಲಿ. ನಮಗೆ 22-25 ನಿಮಿಷ ಹಿಡಿಯಿತು. ಆ ಕಾಲದ ಸಭೆಗಳಲ್ಲೂ ಹೀಗೇ, ಒಬ್ಬರು ಓದಿದರೆ ಉಳಿದವರು ಕೇಳುತ್ತಿದ್ದರು. ಓದುವ ಮೊದಲು ಒಂದೇ ಒಂದು ಮಾತು ಹೇಳುತ್ತೇನೆ: ಪೌಲ ಸಾಮಾನ್ಯವಾಗಿ ಪತ್ರದ ಶುರುವಿನಲ್ಲಿ ಆ ಸಭೆಗಾಗಿ ದೇವರಿಗೆ ಕೃತಜ್ಞತೆ ಹೇಳುತ್ತಾನೆ. ಇದರಲ್ಲಿ ಅದಿಲ್ಲ. ನಮ್ಮ ಅಜ್ಜಂದಿರ ಕಾಗದದಲ್ಲಿ 'ಇತ್ತ ನಾವೆಲ್ಲ ಕ್ಷೇಮ' ಇಲ್ಲದೆ ನೇರ ಬೈಗುಳ ಶುರುವಾದರೆ ಹೇಗಿರುತ್ತೆ, ಹಾಗೆ. ಮೂರನೇ ಅಧ್ಯಾಯದಲ್ಲಿ ಬುದ್ಧಿಯಿಲ್ಲದವರು ಅಂತಾನೆ. ಐದರಲ್ಲಿ ಸುನ್ನತಿ ಮಾಡಿಸಿ ಅಂತ ಪೀಡಿಸುವವರ ಬಗ್ಗೆ ಇನ್ನೂ ಒರಟಾಗಿ ಆಡುತ್ತಾನೆ. ಕೊನೆಗೆ, ನೋಡಿ ಎಷ್ಟು ದೊಡ್ಡ ಅಕ್ಷರದಲ್ಲಿ ನನ್ನ ಕೈಯಾರೆ ಬರೆದಿದ್ದೇನೆ ಅನ್ನುತ್ತಾನೆ. ಜನ ಬಾಗಿ ಕೂತು ಕೇಳಿದರು.

ಇನ್ನು ಊಟ. ಎರಡನೇ ಅಧ್ಯಾಯದಲ್ಲಿ ಅಂತಿಯೋಕ್ಯ ಅನ್ನುವ ಊರಿನ ಸಭೆಯ ಗಲಾಟೆ ಬರುತ್ತದೆ. ಕೇಫ, ಅಂದರೆ ಯೇಸುವಿನ ಶಿಷ್ಯ ಪೇತ್ರ, ಅನ್ಯಜನರ (ಯೆಹೂದ್ಯರಲ್ಲದವರ) ಜೊತೆ ಕೂತು ಊಟ ಮಾಡುತ್ತಿದ್ದ. ಯೆರೂಸಲೇಮಿನ ಸಭೆಯ ಮುಖ್ಯಸ್ಥ ಯಾಕೋಬನ ಕಡೆಯ ಯೆಹೂದ್ಯರು ಬಂದ ಕೂಡಲೇ ಮೆಲ್ಲಗೆ ಹಿಂದೆ ಸರಿದ. ಪೌಲನ ಜೊತೆಗಾರ ಬಾರ್ನಬನೂ ಅದರಲ್ಲಿ ಸೇರಿಹೋದ. ಪೌಲ ಎಲ್ಲರೆದುರು ಪೇತ್ರನನ್ನು ತರಾಟೆಗೆ ತೆಗೆದುಕೊಂಡ. ಇದಕ್ಕೆ ಕನ್ನಡದಲ್ಲಿ ಹೊಸ ಪದ ಹುಡುಕಬೇಕಾಗಿಲ್ಲ. ಪಂಕ್ತಿಭೇದ. ಮುಗಿಯಿತು. ನಂಬಿಕೆಯಿಂದಲೇ ನೀತಿವಂತರು ಅನ್ನುವ 2:16ನೇ ವಾಕ್ಯ ಪುಸ್ತಕದ ಕಪಾಟಿನಿಂದ ಬಂದದ್ದಲ್ಲ, ಈ ಪಂಕ್ತಿಯ ಜಗಳದ ಬೆನ್ನಿಗೇ ಬಂದದ್ದು.

ಆದರೆ ಇದನ್ನು ಆಡಿ ತೋರಿಸಲು ಹೋಗಿ ನಾನೇ ದೊಡ್ಡ ತಪ್ಪು ಮಾಡಿದೆ. ಎರಡು ಕಡೆ ಚಾಪೆ ಹಾಸಿ, ಏಳೆಂಟು ಜನರಿಗೆ 'ನೀವು ಅನ್ಯಜನರು, ಆ ಕಡೆ ಕೂರಿ' ಅಂದೆ. ಆಟ ಅಂತ. ವಯಸ್ಸಾದ ಒಬ್ಬ ಅಮ್ಮ ತಟ್ಟೆ ಹಿಡಿದುಕೊಂಡು ಚಾಪೆಯ ಅಂಚಿನಲ್ಲಿ ನಿಂತೇ ಇದ್ದರು. ಕೂರಲಿಲ್ಲ. ತಟ್ಟೆಯಲ್ಲಿ ಒಂದು ರೊಟ್ಟಿ, ಬದನೆಕಾಯಿ ಪಲ್ಯ. ಅದನ್ನು ಮೆಲ್ಲಗೆ ಮೇಜಿನ ಮೇಲಿಟ್ಟು, ಸೆರಗಿನಲ್ಲಿ ಕೈ ಒರೆಸಿಕೊಂಡು, ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು. ಅವರ ಅಜ್ಜಿಯ ಕಾಲಕ್ಕೆ ಅವರ ಮನೆಯವರು ಯಾಕೆ ಸಭೆಗೆ ಬಂದರು ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೂ ಹೊಳೆಯಲಿಲ್ಲ. ಮೂರು ಸಲ ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆ. ಹೇಗೆ ಒಪ್ಪಿದರು ಅನ್ನುವುದು ನಮ್ಮಿಬ್ಬರ ನಡುವೆ ಇರಲಿ.

ಹಾಗಾಗಿ ಈಗ ಯಾರನ್ನೂ ಬೇರೆ ಕೂರಿಸುವುದಿಲ್ಲ. ಎಲ್ಲರೂ ಒಂದೇ ಸಾಲು, ನಾನು ಪೇತ್ರ. ಎರಡು ತುತ್ತು ತಿನ್ನುತ್ತೇನೆ. ಬಾಗಿಲಲ್ಲಿ ಇಬ್ಬರು ಬಂದು ನಿಲ್ಲುತ್ತಾರೆ. ನಾನು ತಟ್ಟೆ ಎತ್ತಿಕೊಂಡು ಮಾತಿಲ್ಲದೆ ಎದ್ದು ಮೂಲೆಗೆ ಹೋಗುತ್ತೇನೆ. ಅಷ್ಟೇ. ಹಾಲ್ ತಣ್ಣಗಾಗುತ್ತದೆ. ಆಗ ಒಬ್ಬರು ಎದ್ದು 2:11ರಿಂದ ಓದುತ್ತಾರೆ. ಅದಾದ ಮೇಲೆ 3:1 ಓದುವ ಮುಂಚೆ ಒಂದು ಪ್ರಶ್ನೆ ಕೇಳುತ್ತೇನೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಕೆಲಸ ಮಾಡುವುದಿಲ್ಲ. ನಮ್ಮಲ್ಲಿಗೆ ಬಂದು ಕೂತು ನೋಡಿ.

ಮೊದಲು ನಕ್ಕಿದ್ದ ಹಿರಿಯರು ಆಮೇಲೆ ಸರಿಯಾದ ಆಕ್ಷೇಪವನ್ನೇ ಎತ್ತಿದರು. "ಎಲ್ಲಾ ಊಟಕ್ಕೇ ನಿಲ್ಲಿಸಿದ್ರ ಪಾಪದ ಕಥಿ ಏನು?" ಅಂತ. ಅರ್ಧ ಒಪ್ಪುತ್ತೇನೆ. ಧರ್ಮಶಾಸ್ತ್ರದ ಕ್ರಿಯೆಗಳು ಅಂದಾಗ ಗಲಾತ್ಯದಲ್ಲಿ ಕಣ್ಣೆದುರು ಇರುವುದು ಸುನ್ನತಿ, ಊಟ, ದಿನಗಳ ಆಚರಣೆ. ಆದರೆ 3:10ಕ್ಕೆ ಬಂದರೆ ಪೌಲ ಇಡೀ ಧರ್ಮಶಾಸ್ತ್ರವನ್ನೇ ಹಿಡಿಯುತ್ತಾನೆ. ಹಾಗಾಗಿ ಊಟದಿಂದ ಶುರು ಮಾಡಿ, ರೋಮಾಪುರದ ಪತ್ರಿಕೆಯ ನಾಲ್ಕನೇ ಅಧ್ಯಾಯಕ್ಕೆ ಹೋಗಿ ಮುಗಿಸುತ್ತೇನೆ. ಆ ಗುಮಾಸ್ತರ ಪ್ರಶ್ನೆಯನ್ನು ಅಲ್ಲಿ ಅವರ ಬಾಯಿಂದಲೇ ಕೇಳಿಸುತ್ತೇನೆ.

ಅಡ್ಡ ಪ್ರಯೋಗಗಳೂ ಒಂದಷ್ಟು ಆದವು. ಚೆನ್ನಾಗಿ ಕೆಲಸ ಮಾಡಿದ್ದು ಯೆಹೂದ್ಯರ ಮೂಲಪುರುಷ ಅಬ್ರಹಾಮನ ಲೆಕ್ಕ. ನಂಬಿದ್ದಕ್ಕೆ ನೀತಿವಂತ ಅಂತ ಎಣಿಸಿದ್ದು ಆದಿಕಾಂಡ 15ರಲ್ಲಿ. 16ರಲ್ಲಿ ಮಗ ಇಷ್ಮಾಯೇಲ ಹುಟ್ಟಿದಾಗ ಅವನಿಗೆ 86 ವರ್ಷ, 17ರಲ್ಲಿ ಸುನ್ನತಿ ಆದಾಗ 99. ಬೆರಳಲ್ಲಿ ಎಣಿಸಿ ಅಂದೆ. ಕನಿಷ್ಠ 13 ವರ್ಷ ಸುನ್ನತಿ ಇಲ್ಲದೆಯೇ ನೀತಿವಂತ! ಸಂಡೇ ಸ್ಕೂಲ್ ಮಕ್ಕಳಿಗೂ ಹೊಳೆಯಿತು. ಅದೇ ವಾಕ್ಯ ಹಿಡಿದು ಯಾಕೋಬನ ಪತ್ರಿಕೆ ನಂಬಿಕೆ ಮಾತ್ರ ಸಾಲದು ಅನ್ನುತ್ತದಲ್ಲ, ಅಲ್ಲಿ ಜನ ಗೊಂದಲಕ್ಕೆ ಬಿದ್ದರು. ಆಗ ರೋಮಿನ ಸಭೆ ಕ್ರಿ.ಶ. 96ರ ಸುಮಾರಿಗೆ ಕೊರಿಂಥಕ್ಕೆ ಬರೆದ, ಕ್ಲೆಮೆಂಟನದು ಅನ್ನುವ ಪತ್ರ ತಂದೆ. ಅದರ 30ನೇ ಅಧ್ಯಾಯ ಮಾತಿನಿಂದಲ್ಲ, ಕ್ರಿಯೆಯಿಂದ ನೀತಿವಂತರಾಗೋಣ ಅನ್ನುತ್ತದೆ. 32ನೇದು ನಮ್ಮ ಕ್ರಿಯೆಯಿಂದಲ್ಲ, ನಂಬಿಕೆಯಿಂದ ಅನ್ನುತ್ತದೆ. ಹೆಸರು ಹೇಳದೆ ಎರಡು ಚೀಟಿ ಮಾಡಿ, ಬರೆದವರು ಒಬ್ಬರೋ ಇಬ್ಬರೋ ಅಂತ ಕೇಳಿದೆ. ಎಲ್ಲರೂ ಇಬ್ಬರು ಅಂದರು. ಆ ಕಾಲದವರಿಗೆ ಇವೆರಡೂ ಒಂದೇ ಕಾಗದದಲ್ಲಿ ಹಿಡಿಯುತ್ತಿದ್ದವು ಅಂತ ಆಗ ಹೇಳಿದೆ. ಅಬ್ರಹಾಮನ ದಾಸಿ ಹಾಗರ, ಹೆಂಡತಿ ಸಾರಾ ಇವರ ಕಥೆ ಇರುವ ಗಲಾತ್ಯದ ನಾಲ್ಕನೇ ಅಧ್ಯಾಯವನ್ನು ಮಾತ್ರ ನಾಟಕ ಮಾಡಲು ಹೋಗಬೇಡಿ. ನಾನು ಮಾಡಿ ಕೆಟ್ಟೆ.

ಒಬ್ಬ ಸೆಮಿನರಿ ಹುಡುಗ, "ಗಲಾತ್ಯದಿಂದ ಶುರು ಮಾಡಿದವನು ಮಾರ್ಸಿಯನ್, ಬ್ರದರ್" ಅಂತ ಚುಚ್ಚಿದ. ನಿಜ. ಆ ಹಡಗಿನ ವ್ಯಾಪಾರಿ ಪೌಲನ ಪತ್ರಗಳಲ್ಲಿ ಗಲಾತ್ಯವನ್ನೇ ಮೊದಲಿಟ್ಟ, ಹಳೇ ಒಡಂಬಡಿಕೆಯನ್ನೇ ಕಿತ್ತು ಹಾಕಿದ. ಕ್ರಿ.ಶ. 144ರಲ್ಲಿ ರೋಮಿನ ಸಭೆಯಿಂದ ಹೊರಬಿದ್ದ. ಅವನು ಕೊಟ್ಟಿದ್ದ ಎರಡು ಲಕ್ಷ ಸೆಸ್ಟರ್ಸ್ (ರೋಮನ್ ನಾಣ್ಯ) ಕಾಣಿಕೆಯನ್ನೂ ವಾಪಸ್ ಕೊಟ್ಟರಂತೆ. ನನ್ನನ್ನು ಹೊರಗೆ ಹಾಕುವುದಾದರೆ ಮೊದಲು ರೊಟ್ಟಿ ದುಡ್ಡು ವಾಪಸ್ ಕೊಡಿ ಅಂದೆ. ನಾನು ಅಬ್ರಹಾಮನನ್ನು ಬಿಡುವುದೇ ಇಲ್ಲ, ಹಾಗಾಗಿ ಆ ಹೋಲಿಕೆ ನನಗೆ ತಗುಲುವುದಿಲ್ಲ.

ದುಡ್ಡಿನ ಮಾತು ಬಂತು ಅಂತ ಹೇಳುತ್ತೇನೆ. ಆಗ ಜೋಳದ ರೊಟ್ಟಿ ಒಂದಕ್ಕೆ 8 ರೂಪಾಯಿ ಇತ್ತು, 25 ಜನಕ್ಕೆ 60 ರೊಟ್ಟಿ. ಪಲ್ಯ, ಅನ್ನ, ಸಾರು ಸೇರಿ ವಾರಕ್ಕೆ 1,100-1,200. ಆರು ವಾರ. ಏಳು ಸಾವಿರದ ಆಸುಪಾಸು, ಪುಸ್ತಿಕೆಗೆ ಹೋದಷ್ಟೇ. ಕಾಣಿಕೆ ಡಬ್ಬಿಯಲ್ಲಿ ಅರ್ಧ ವಾಪಸ್ ಬಂತು. ಆರನೇ ವಾರ 25 ಜನ ಇರಲಿಲ್ಲ, 31 ಇದ್ದರು. ರೊಟ್ಟಿ ಸಾಲದೆ ಓಡಾಡಿದೆವು.

ಆ ಅಮ್ಮ ಈಗ ಪೌಲ. ಈ ವಾಕ್ಯಗಳನ್ನು ಓದಲು ಬೇರೆಯವರಿಗೆ ಬಿಡುವುದಿಲ್ಲ. ನಾನು ತಟ್ಟೆ ಎತ್ತಿಕೊಂಡು ಮೂಲೆಗೆ ಹೋದ ಕೂಡಲೇ ಕನ್ನಡಕ ಏರಿಸಿ ಎದ್ದು ನಿಲ್ಲುತ್ತಾರೆ. ಕಳೆದ ಸಲ ಓದುವ ಮೊದಲೇ ನನ್ನತ್ತ ಬೆರಳು ಮಾಡಿ, "ಏಯ್ ಕೇಫಾ, ಕೂಡು ಇಲ್ಲಿ" ಅಂದರು. ಅದು ಪತ್ರಿಕೆಯಲ್ಲಿಲ್ಲ. ನಾನು ಹೋಗಿ ಕೂತೆ.